ಮನೆಗೊಂದು ಲಿಫ್ಟು: ಕೊಟೇಶನ್ ತರ್ಸೋಕ್ ಮುಂಚೆ ಟೇಪ್ ಹಿಡೀರಿ

(ನಮ್ಮ ಬಡಾವಣೆಯ ಹಿರಿಯರ ಸಂಘದಲ್ಲಿ ಭಾನುವಾರ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಬರ್ದಿದೀನಿ. ಮೈಕ್ ಕೈಕೊಟ್ಟಿದ್ದು, ಮಧ್ಯೆ ಕಾಫಿ ಬಂದಿದ್ದು ಎಲ್ಲ ಬಿಟ್ಟಿದೀನಿ, ಮಿಕ್ಕಿದ್ದು ಹೆಚ್ಚುಕಮ್ಮಿ ಮಾತಾಡಿದಂಗೇ ಇದೆ.)

ನಮಸ್ಕಾರ ಎಲ್ರಿಗೂ. ಮೊದ್ಲೇ ಒಂದು ಹೇಳ್ಬಿಡ್ತೀನಿ, ನಾನು ಲಿಫ್ಟ್ ಮಾರೋನಲ್ಲ, ಯಾವ ಕಂಪನಿಯಿಂದ್ಲೂ ಕಮಿಷನ್ ಬರಲ್ಲ. ಮನೆ ಕಟ್ಟೋ ಸಿವಿಲ್ ಕೆಲಸದೋನು, ಬೆಂಗಳೂರಲ್ಲಿ ಥರ್ಟಿ ಫಾರ್ಟಿ ಸೈಟಲ್ಲಿ ಮನೆ ಎಬ್ಬಿಸ್ಕೊಂಡೇ ಇಪ್ಪತ್ತು ವರ್ಷದ ಮೇಲಾಯ್ತು. ಮೊದ್ಲು ಮನೆ ಕಟ್ಸೋರು ಬಂದು ಕೇಳ್ತಿದ್ದಿದ್ದು ಸಂಪು ಎಷ್ಟು ಲೀಟರು, ದೇವರ ಮನೆ ಯಾವ ಮೂಲೆ, ಇಷ್ಟೇ. ಈಗ ಮೂರನೇ ಪ್ರಶ್ನೆನೇ ಲಿಫ್ಟು. ಯಾಕಂದ್ರೆ ನಮ್ಮ ಮನೆಗಳ ರೀತಿನೇ ಹಂಗಾಗಿದೆ ನೋಡಿ, ಕೆಳಗೆ ಸ್ಟಿಲ್ಟ್ ಪಾರ್ಕಿಂಗು, ಅದರ ಮೇಲೆ ಎರಡು ಬಾಡಿಗೆ ಮನೆ, ಓನರ್ ಮೇಲ್ಗಡೆ. ನಲವತ್ತನೇ ವಯಸ್ಸಲ್ಲಿ ಗಾಳಿ ಚೆನ್ನಾಗಿ ಬರತ್ತೆ ಅಂತ ಮೂರನೇ ಮಹಡಿಲಿ ಮನೆ ಮಾಡ್ಕೊಂಡೋರು ಅರವತ್ತೈದಕ್ಕೆ ಮಂಡಿ ಹಿಡ್ಕೊಂಡು ತರಕಾರಿ ಚೀಲ ಮೆಟ್ಟಿಲ ಮೇಲಿಟ್ಟು ಉಸಿರು ತಗೋತಿರ್ತಾರೆ.

ನನ್ ಕಥೆ ಮೊದ್ಲು. ಅಮ್ಮಂಗೆ ಎರಡೂ ಮಂಡಿ ಆಪರೇಷನ್ ಆಯ್ತು, ಮನೆಗೆ ಲಿಫ್ಟ್ ಹಾಕ್ಸೋಣ ಅಂತ ಮೂರು ಕೊಟೇಶನ್ ತರ್ಸಿದೆ. ನಾನೇ ಕಾಂಟ್ರಾಕ್ಟರು, ನಂಗ್ ಗೊತ್ತಿಲ್ವಾ ಅನ್ನೋ ಜಂಭ ಬೇರೆ. ಮೂರರಲ್ಲಿ ಎರಡು ಹತ್ತು ಲಕ್ಷದ ಅಕ್ಕಪಕ್ಕ ಇತ್ತು, ಮೂರನೇದು ಆರೂಮುಕ್ಕಾಲು. ಅದನ್ನೇ ಹಾಕ್ಸಿದೆ. ಒಂದೂವರೆ ವರ್ಷ ಸೊಗಸಾಗಿ ಓಡ್ತು. ಆಮೇಲೆ ಒಂದು ಮಧ್ಯಾಹ್ನ ಕರೆಂಟ್ ಹೋಯ್ತು, ಅಮ್ಮ ಒಳಗಿದ್ರು, ಎರಡು ಮಹಡಿ ಮಧ್ಯೆ ನಿಂತ್ಕೊಳ್ತು. ಕರೆಂಟ್ ಹೋದ್ರೆ ಬ್ಯಾಟರಿಲಿ ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೀಬೇಕಾದ ಎಆರ್‌ಡಿ ಇತ್ತು, ಅದರ ಬ್ಯಾಟರಿ ಸತ್ತು ಎಷ್ಟು ದಿನ ಆಗಿತ್ತೋ ಯಾರಿಗ್ ಗೊತ್ತು, ನಾವ್ಯಾರೂ ಒಂದು ದಿನಕ್ಕೂ ಟೆಸ್ಟ್ ಮಾಡಿರ್ಲಿಲ್ಲ. ಸ್ಟೀಲ್ ಡಬ್ಬಿ ಒಳಗೆ ಮೊಬೈಲ್ ಸಿಗ್ನಲ್ ಇಲ್ಲ. ಅಮ್ಮ ಕೈಲಿದ್ದ ಸ್ಟಿಕ್ಕಲ್ಲಿ ಬಾಗಿಲು ಬಡೀತಾ ನಲವತ್ತು ನಿಮಿಷ ಕೂತಿದ್ರು. ಕೂತಿದ್ರು ಅಂದೆ, ನೆಲದ ಮೇಲೆ, ಆಪರೇಷನ್ ಆದ ಮಂಡಿ ಇಟ್ಕೊಂಡು. ಕಂಪನಿಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್, ಮಾರನೇ ದಿನ ಆಫೀಸ್ ಹುಡ್ಕೊಂಡು ಹೋದ್ರೆ ಅಲ್ಲಿ ಮೊಬೈಲ್ ಕವರ್ ಅಂಗಡಿ. ಬೇರೆ ಮೆಕ್ಯಾನಿಕ್ ಕರ್ಕೊಂಡ್ ಬಂದೆ, ಅವನು ಪ್ಯಾನಲ್ ತೆಗ್ದು ನೋಡಿ, ಸಾರ್ ಲಿಫ್ಟ್ ನಡೆಸೋ ಕಂಟ್ರೋಲರ್‌ಗೆ ಪಾಸ್‌ವರ್ಡ್ ಹಾಕಿದಾರೆ, ಸೆಟ್ಟಿಂಗ್ಸ್ ಮುಟ್ಟಕ್ಕಾಗಲ್ಲ, ಪ್ಯಾನಲ್ಲೇ ಬದಲಾಯಿಸ್ಬೇಕು ಅಂದ. ಪ್ಯಾನಲ್ಲು, ಬಾಗಿಲಿನ ಲಾಕುಗಳು, ವೈರಿಂಗ್ ಎಲ್ಲ ಸೇರಿ ಮೂರು ಲಕ್ಷದ ಹತ್ರ ಬಂತು. ಆರೂಮುಕ್ಕಾಲಿನ ಲಿಫ್ಟು ಹತ್ತು ಲಕ್ಷದ್ದೇ ಆಯ್ತು, ನಡುವೆ ಅಮ್ಮ ಲಿಫ್ಟ್ ಅಂದ್ರೆ ಹೆದರೋ ಹಂಗಾಯ್ತು, ಅದು ಉಚಿತ. ಅಗ್ಗಕ್ಕೆ ಸಿಕ್ತು ಅಂತ ಮುಗ್ಗಲು ಜೋಳ ತಂದಂಗೆ.

ಆಮೇಲಿಂದ ಯಾರೇ ಲಿಫ್ಟ್ ಬಗ್ಗೆ ಕೇಳಿದ್ರೂ ನಾನು ರೇಟ್ ಮಾತಾಡಲ್ಲ. ಮೊದ್ಲು ಕೇಳೋದು, ಯಾರು ಓಡಾಡ್ತಾರೆ ಅದ್ರಲ್ಲಿ? ಎರಡನೇದು ಜಾಗ ಎಷ್ಟಿದೆ? ಮೂರನೇದು, ಅದು ಕೆಟ್ಟಾಗ ಯಾರು ಬರ್ತಾರೆ, ಎಷ್ಟೊತ್ತಿಗ್ ಬರ್ತಾರೆ? ಈ ಮೂರಕ್ಕೆ ಉತ್ತರ ಸಿಕ್ಕಿದ್ ಮೇಲೆ ಉಳ್ಕೊಳ್ಳೋ ಲಿಫ್ಟ್‌ಗಳಲ್ಲಿ ಯಾವುದು ಕಮ್ಮಿಯೋ ಅದು ನಿಮ್ಮ ಪಾಲಿಗೆ ಅಗ್ಗದ ಲಿಫ್ಟು. ಜನ ಇದನ್ನ ಉಲ್ಟಾ ಮಾಡ್ತಾರೆ. ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂತಾರಲ್ಲ, ಡಕ್ಟ್, ಅಂದ್ರೆ ಲಿಫ್ಟ್ ಏರಿ ಇಳಿಯೋಕೆ ಗೋಡೆ ಮಧ್ಯೆ ಬಿಡೋ ಜಾಗ, ಅದರ ಅಳತೆನೇ ಗೊತ್ತಿಲ್ಲ, ಕ್ಯಾಬಿನ್ ಒಳಗೆ ಗೋಲ್ಡ್ ಕಲರ್ ಸ್ಟೀಲಾ ರೋಸ್ ಗೋಲ್ಡಾ ಅಂತ ವಾಟ್ಸಾಪಲ್ಲಿ ಫೋಟೋ ಕಳಿಸ್ತಿರ್ತಾರೆ.

ಯಾರು ಓಡಾಡ್ತಾರೆ ಅನ್ನೋದು ಸುಮ್ನೆ ಕೇಳಿದ್ದಲ್ಲ. ಲಿಫ್ಟ್ ಲೆಕ್ಕದಲ್ಲಿ ಒಬ್ಬ ಮನುಷ್ಯ ಅಂದ್ರೆ 68 ಕೆ.ಜಿ. ಹಂಗಾಗಿ ಮೂರು ಜನದ್ದು 204 ಕೆ.ಜಿ, ನಾಲ್ಕು ಜನದ್ದು 272, ಆರು ಜನದ್ದು 408. ಇಲ್ಲಿ ಕೂತಿರೋರಲ್ಲಿ 68 ಕೆ.ಜಿ ಇರೋರು ಯಾರು ಕೈ ಎತ್ತಿ ನೋಡೋಣ? (ಇಬ್ಬರು ಎತ್ತಿದ್ರು.) ನೋಡಿ, ಮೂರು ಜನದ ಲಿಫ್ಟ್ ಅಂತ ಕೊಟ್ರೆ ಅದು ನಮ್ಮನೆಗಳಲ್ಲಿ ಎರಡೂವರೆ ಜನದ್ದು. ಆದ್ರೆ ತೂಕಕ್ಕಿಂತ ಮುಖ್ಯ ನೆಲದ ಅಳತೆ. ಇವತ್ತು ನಡ್ಕೊಂಡು ಹತ್ತೋರು ಮುಂದೆ ಯಾವತ್ತೋ ವೀಲ್‌ಚೇರಲ್ಲಿ ಹತ್ಬೇಕಾಗ್ಬೋದು. ಮಡಚೋ ವೀಲ್‌ಚೇರ್ ಸುಮಾರು 25ರಿಂದ 27 ಇಂಚು ಅಗಲ, ಕಾಲಿಡೋ ಪಟ್ಟಿ ಸೇರಿ ಉದ್ದ ಮೂರೂವರೆ ಅಡಿ. ಬಾಗಿಲು ತೆಗ್ದಾಗ ಖಾಲಿ ಜಾಗ 800 ಮಿಲಿಮೀಟರ್ ಸಿಗ್ಬೇಕು, ಕೂತೋರ ಜೊತೆ ತಳ್ಳೋರೂ ನಿಲ್ಬೇಕು ಅಂದ್ರೆ ಕ್ಯಾಬಿನ್ 1100ಕ್ಕೆ 1400 ಮಿಲಿಮೀಟರ್ ಇದ್ರೆ ಅಚ್ಚುಕಟ್ಟು. ಎಷ್ಟೋ ಮನೇಲಿ 600 ಮಿಲಿಮೀಟರ್ ಬಾಗಿಲು ಇಟ್ಟು ಕೈ ತೊಳ್ಕೊಂಡಿದಾರೆ, ಅದು ಎರಡಡಿಗೂ ಕಮ್ಮಿ, ವೀಲ್‌ಚೇರ್ ಹೊಸ್ತಿಲಲ್ಲೇ ನಿಂತ್ಕೊಳತ್ತೆ. ಯಾರಿಗೋಸ್ಕರ ಲಿಫ್ಟ್ ಹಾಕ್ಸಿದ್ರೋ ಅವರಿಗೇ ಅದು ಇಲ್ಲ.

ಇನ್ನೊಂದು, ಬಾಡಿಗೆಯೋರೂ ಓಡಾಡ್ತಾರಾ? ಇದನ್ನ ಜನ ಹೇಳೋದೇ ಇಲ್ಲ. ಹೋಮ್ ಲಿಫ್ಟ್ ಅಂತ ಮಾರೋದು ಒಂದು ಕುಟುಂಬದ ಓಡಾಟಕ್ಕೆ, ದಿನಕ್ಕೆ ಇಷ್ಟೇ ಟ್ರಿಪ್ ಅಂತ ಲೆಕ್ಕ ಹಾಕಿ ಮಾಡಿರ್ತಾರೆ. ಐದು ಬಾಡಿಗೆ ಮನೆ, ಪಿಜಿ ಹುಡುಗ್ರು, ಸ್ವಿಗ್ಗಿ ಡೆಲಿವರಿ, ವಾಟರ್ ಕ್ಯಾನ್ ಎಲ್ಲ ಅದ್ರಲ್ಲೇ ಹೋಗತ್ತೆ ಅಂದ್ರೆ ಅದು ಹೋಮ್ ಲಿಫ್ಟ್ ಅಲ್ಲ, ಮಾಮೂಲಿ ಪ್ಯಾಸೆಂಜರ್ ಲಿಫ್ಟ್ ತಗೊಳಿ. ಬೆಲೆ ಸ್ವಲ್ಪ ಜಾಸ್ತಿ ಬರ್ಬೋದು, ಆದ್ರೆ ಆರು ತಿಂಗಳಿಗೊಮ್ಮೆ ಬಾಗಿಲು ಕೆಟ್ಟು ಬಾಡಿಗೆಯೋರ ಹತ್ರ ಬೈಸ್ಕೊಳ್ಳೋದು ತಪ್ಪತ್ತೆ.

ಈಗ ಜಾಗ. ಇದು ನನ್ನ ಏರಿಯಾ, ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ ಬೈಕೋಬೇಡಿ. ಲಿಫ್ಟಿಗೆ ಮೂರು ಜಾಗ ಬೇಕು. ಕೆಳಗೆ ಗುಂಡಿ ಅಂದ್ರೆ ಪಿಟ್, ಮಧ್ಯೆ ಡಕ್ಟ್, ಮೇಲೆ ಕೊನೇ ಮಹಡಿ ನೆಲದಿಂದ ಡಕ್ಟ್ ಸೂರಿನವರೆಗಿನ ಎತ್ತರ, ಅದಕ್ಕೆ ಓವರ್‌ಹೆಡ್ ಅಂತಾರೆ. ಮಾಮೂಲಿ ಲಿಫ್ಟಿಗೆ ಪಿಟ್ ನಾಲ್ಕೈದು ಅಡಿ ಕೇಳ್ತಾರೆ, ಓವರ್‌ಹೆಡ್ ಹದಿಮೂರು ಹದಿನಾಲ್ಕು ಅಡಿ ಕೇಳ್ತಾರೆ. ಮನೆ ಲಿಫ್ಟ್‌ಗಳಲ್ಲಿ ಅರ್ಧ ಅಡಿಯಿಂದ ಒಂದಡಿ ಪಿಟ್, ಒಂಬತ್ತು ಅಡಿ ಆಸುಪಾಸಿನ ಓವರ್‌ಹೆಡ್ಡಲ್ಲಿ ಕೂರೋವೂ ಇವೆ. ನಮ್ಮೂರ ಸಮಸ್ಯೆ ಏನು ಅಂದ್ರೆ ಸಂಪು! ಸ್ಟಿಲ್ಟ್ ಕೆಳಗೆ ಎಲ್ಲಾ ಕಡೆ ಸಂಪೇ ಇರತ್ತೆ, ಲಿಫ್ಟ್ ಗುಂಡಿ ತೋಡೋಕೆ ಹೋದ್ರೆ ಸಂಪಿನ ಗೋಡೆ ಸಿಗತ್ತೆ. ಸಂಪಿನ ಪಕ್ಕದಲ್ಲೇ ಪಿಟ್ ಮಾಡಿದ್ರೆ ಇವತ್ತಲ್ಲ ನಾಳೆ ನೀರು ಜಿನುಗತ್ತೆ. ಮಳೆ ನೀರಂತೂ ಕೇಳ್ಲೇಬೇಡಿ, 2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ನೀರು ನುಗ್ಗಿತ್ತಲ್ಲ, ಹಂಗೆ ರಸ್ತೆ ನೀರು ಸ್ಟಿಲ್ಟ್‌ಗೆ ಬಂದ್ರೆ ಅದು ಮೊದ್ಲು ಹೋಗಿ ಕೂರೋದು ಎಲ್ಲಿ? ಮನೆಯ ಅತೀ ತಗ್ಗಿನ ಜಾಗ ಯಾವುದೋ ಅಲ್ಲಿ, ಅಂದ್ರೆ ಲಿಫ್ಟ್ ಪಿಟ್ಟಲ್ಲಿ. ಅಲ್ಲಿ ಕ್ಯಾಬಿನ್ ಕೆಳಗೆ ಬಂದು ಬಡಿದ್ರೆ ತಡ್ಕೊಳ್ಳೋ ಬಫರ್ ಇರತ್ತೆ, ಸ್ವಿಚ್ ಇರತ್ತೆ, ವೈರ್ ಇರತ್ತೆ. ಹಂಗಾಗಿ ಪಿಟ್‌ಗೆ ಇಟ್ಟಿಗೆ ಗೋಡೆ ಬೇಡ, ನಾಲ್ಕೂ ಕಡೆ ಕಾಂಕ್ರೀಟ್ ಹಾಕಿ ವಾಟರ್‌ಪ್ರೂಫ್ ಮಾಡ್ಸಿ, ಲಿಫ್ಟ್ ಬಾಗಿಲ ಮುಂದೆ ನೆಲ ಎರಡಿಂಚು ಎತ್ತರ ಇರ್ಲಿ, ಇಳಿಜಾರು ಗೇಟಿನ ಕಡೆಗಿರ್ಲಿ. ವೀಲ್‌ಚೇರ್ ಹತ್ತೋ ಹಂಗೆ ಸಣ್ಣ ರ‍್ಯಾಂಪ್ ಕೊಡಿ. ಇಷ್ಟಕ್ಕೆ ಆಗೋ ಖರ್ಚು ಸಣ್ಣದು, ಮಾಡ್ದೇ ಬಿಟ್ರೆ ಆಗೋದು ದೊಡ್ಡದು.

ವಾಸ್ತು ಕೇಳ್ತೀರ ಅಂತ ಗೊತ್ತು. ಈಶಾನ್ಯದಲ್ಲಿ ಗುಂಡಿ ಇದ್ರೆ ಒಳ್ಳೇದು ಅಂತಾರೆ, ಈಶಾನ್ಯದಲ್ಲಿ ಭಾರ ಇರ್ಬಾರ್ದು ಅಂತಾನೂ ಅಂತಾರೆ, ಲಿಫ್ಟಿಗೆ ಗುಂಡಿನೂ ಇದೆ ಭಾರನೂ ಇದೆ. ನಾನಂತೂ ನೈಋತ್ಯನೋ ವಾಯುವ್ಯನೋ ಮೆಟ್ಟಿಲು ಎಲ್ಲಿದೆಯೋ ಅದರ ಪಕ್ಕ ಹಾಕ್ತೀನಿ, ಜಗಳ ಬರಲ್ಲ.

ಡಕ್ಟ್ ಎಷ್ಟು ಬೇಕು ಅಂದ್ರೆ, 5 ಅಡಿಗೆ 5 ಅಡಿ ಒಳ ಅಳತೆ ಬಿಟ್ರೆ ಆಯ್ಕೆ ಇರತ್ತೆ, ನಾಲ್ಕು ಅಡಿಗೆ ಬಂದ್ರೆ ಆಯ್ಕೆ ಕಮ್ಮಿ ಆಗತ್ತೆ. ಐದಡಿ ಡಕ್ಟ್ ಅಂದ್ರೆ ಐದಡಿ ಕ್ಯಾಬಿನ್ ಅಲ್ಲ, ಇದು ತುಂಬಾ ಜನಕ್ಕೆ ಕೊನೇಲಿ ಗೊತ್ತಾಗತ್ತೆ. ಒಂದು ಪಕ್ಕ ಕ್ಯಾಬಿನ್ ಹಿಡ್ಕೊಂಡು ಜಾರೋ ಗೈಡ್ ರೈಲು ಮತ್ತೆ ಕ್ಯಾಬಿನ್‌ಗೆ ಸರಿತೂಗೋ ಕೌಂಟರ್‌ವೇಟ್ ತಿನ್ನತ್ತೆ, ಮುಂದೆ ಆಟೋ ಡೋರ್ ಆದ್ರೆ ಹೊರಗಿಂದು ಒಳಗಿಂದು ಎರಡೂ ಸೇರಿ ಮುಕ್ಕಾಲು ಅಡಿಯಿಂದ ಒಂದಡಿ ತಿನ್ನತ್ತೆ. ಹಂಗಾಗಿ ಆಗ್ಲೇ ಹೇಳಿದ 1100ಕ್ಕೆ 1400ರ ಕ್ಯಾಬಿನ್ನೇ ಬೇಕು ಅಂದ್ರೆ ಐದೈದು ಸಾಲಲ್ಲ, ಇನ್ನೂ ಜಾಸ್ತಿ ಬಿಡ್ಬೇಕು. ಅದಕ್ಕೇ ನಾನು ಕಂಪನಿಯೋರನ್ನ ಕೇಳೋದು, ಕ್ಯಾಬಿನ್ ಒಳಗಿನ ಖಾಲಿ ಅಳತೆ ಎಷ್ಟು, ಬಾಗಿಲು ಪೂರ್ತಿ ತೆಗ್ದಾಗ ಖಾಲಿ ಅಗಲ ಎಷ್ಟು, ಎರಡನ್ನೂ ಡ್ರಾಯಿಂಗಲ್ಲಿ ಬರ್ಕೊಡಿ ಅಂತ. ಇನ್ನೊಂದು ಲೆಕ್ಕ, ಐದೈದು ಅಂದ್ರೆ 25 ಚದರಡಿ, ನಾಲ್ಕು ಮಟ್ಟಕ್ಕೆ 100 ಚದರಡಿ, ಅಂದ್ರೆ ಒಂದು ಸಣ್ಣ ರೂಮೇ ಲಿಫ್ಟಿಗೆ ಹೋಯ್ತು. ಅದೂ ಬೆಲೆನೇ ಅಲ್ವಾ, ಕೊಟೇಶನ್ನಲ್ಲಿ ಬರಲ್ಲ ಅಷ್ಟೇ.

ಡಕ್ಟ್ ಗೋಡೆ ತೂಗುಗುಂಡು ಇಟ್ಕೊಂಡು ಕಟ್ಸಿ ಸ್ವಾಮಿ. ಕೆಳಗಿಂದ ಮೇಲಿನವರೆಗೆ ನೇರ ಇರ್ಬೇಕು. ಒಂದು ಮನೇಲಿ ಮೇಸ್ತ್ರಿ ಮೂರನೇ ಮಹಡಿಗೆ ಬರೋಷ್ಟ್ರಲ್ಲಿ ಎರಡಿಂಚು ವಾಲಿಸಿದ್ದ, ಲಿಫ್ಟ್ ಕಂಪನಿಯೋರು ಬಂದು ಅಳ್ದು ನಾಲ್ಕು ಜನದ್ದು ಕೂರಲ್ಲ ಮೂರು ಜನದ್ದು ಅಂದ್ರು. ಎರಡಿಂಚಿಗೆ ಒಬ್ಬ ಮನುಷ್ಯ ಹೋದ.

ಸರಿ, ಯಾವ ಥರದ ಲಿಫ್ಟು. ಹಗ್ಗದ್ದು ಮೊದ್ಲು, ಟ್ರಾಕ್ಷನ್ ಅಂತಾರೆ. ಮೋಟರು, ಸ್ಟೀಲ್ ರೋಪು ಅಥವಾ ಬೆಲ್ಟು, ಇನ್ನೊಂದು ತುದೀಲಿ ಕೌಂಟರ್‌ವೇಟು, ಬಾವಿಲಿ ರಾಟೆ ಇದ್ದಂಗೆ, ಆದ್ರೆ ಎರಡೂ ಕಡೆ ಕೊಡ ಕಟ್ಟಿರೋ ರಾಟೆ. ಎರಡೂ ಕಡೆ ತೂಕ ಇರೋದ್ರಿಂದ ಮೋಟರ್ ಎಳೀಬೇಕಾದ್ದು ವ್ಯತ್ಯಾಸ ಮಾತ್ರ. ಮೇಲೆ ಮೆಷಿನ್ ರೂಮ್ ಇಲ್ದೇ ಡಕ್ಟ್ ಒಳಗೇ ಮೋಟರ್ ಕೂರ್ಸೋದು ಈಗ ಮಾಮೂಲು. ಪಾರ್ಟ್ಸ್ ಎಲ್ಲಾ ಕಡೆ ಸಿಗತ್ತೆ, ಮೆಕ್ಯಾನಿಕ್‌ಗಳು ಜಾಸ್ತಿ ಇದಾರೆ, ಇಲ್ಲೇ ಜೋಡಿಸಿ ಹಾಕೋದ್ರಿಂದ ಬೆಲೆನೂ ಹಿಡಿತದಲ್ಲಿರತ್ತೆ. ನನ್ ಕೈಗೆ ಬಂದಿರೋ ಕೊಟೇಶನ್‌ಗಳಲ್ಲಿ ಮೂರ್ನಾಲ್ಕು ಸ್ಟಾಪಿಗೆ ಏಳರಿಂದ ಹನ್ನೊಂದು ಲಕ್ಷ, ಜಿಎಸ್‌ಟಿ ಬಿಟ್ಟು. ಜಾಗ ಇದ್ದು ದುಡ್ಡು ಕಮ್ಮಿ ಇದ್ದೋರಿಗೆ ನಾನು ಕಣ್ಮುಚ್ಚಿ ಹೇಳೋದು ಇದನ್ನೇ.

ಎರಡನೇದು ಹೈಡ್ರಾಲಿಕ್. ಜೆಸಿಬಿ ಕೈ ಎತ್ತತ್ತಲ್ಲ ಅದೇ ತತ್ವ, ಪಂಪು ಎಣ್ಣೆನ ಸಿಲಿಂಡರ್‌ಗೆ ತಳ್ಳತ್ತೆ, ಕ್ಯಾಬಿನ್ ಮೇಲೇಳತ್ತೆ, ಇಳಿಯೋವಾಗ ವಾಲ್ವ್ ತೆಗ್ದು ತನ್ನ ತೂಕದಲ್ಲೇ ಇಳಿಯತ್ತೆ. ಇಳಿಯೋಕೆ ಪಂಪು ಓಡ್ಬೇಕಿಲ್ಲ, ಹಂಗಾಗಿ ಕರೆಂಟ್ ಹೋದಾಗ ಸಣ್ಣ ಬ್ಯಾಟರಿ ವಾಲ್ವ್ ತೆಗ್ದ್ರೆ ಸಾಕು, ಕೆಳಗೆ ಬಂದ್ಬಿಡತ್ತೆ. ಇದು ವಯಸ್ಸಾದೋರ ಮನೆಗೆ ನಿಜಕ್ಕೂ ದೊಡ್ಡ ಗುಣ. ಪಿಟ್ ಕಮ್ಮಿ, ಓವರ್‌ಹೆಡ್ ಕಮ್ಮಿ, ಭಾರ ಸೂರಿನ ಮೇಲೆ ನೇತಾಡ್ದೇ ಹೆಚ್ಚಾಗಿ ಕೆಳಗೇ ಇಳಿಯತ್ತೆ, ಹಳೇ ಮನೆಗೆ ಅನುಕೂಲ. ಆದ್ರೆ ಎಣ್ಣೆ ಇದ್ದಲ್ಲಿ ಸೀಲ್ ಇರತ್ತೆ, ಸೀಲ್ ಇದ್ದಲ್ಲಿ ಒಂದಿನ ಸೋರತ್ತೆ. ಪೈಪ್ ಒಡೆದ್ರೆ ತಾನಾಗೇ ಮುಚ್ಕೊಳ್ಳೋ ರಪ್ಚರ್ ವಾಲ್ವ್ ಸಿಲಿಂಡರ್ ಮೇಲೇ ಇದೆಯಾ ಅಂತ ಕೇಳಿ, ಇಲ್ಲ ಅಂದ್ರೆ ಎದ್ ಬನ್ನಿ.

ಸ್ಕ್ರೂ ಲಿಫ್ಟ್ ಅಂತ ಇದೆ, ಉದ್ದನೇ ಸ್ಕ್ರೂ ಕಂಬ, ಅದ್ರ ಮೇಲೆ ನಟ್ ತಿರುಗ್ತಾ ಪ್ಲಾಟ್‌ಫಾರ್ಮ್ ಏರತ್ತೆ, ತನ್ನ ಚೌಕಟ್ಟು ತಾನೇ ಹೊತ್ಕೊಂಡು ಬರತ್ತೆ, ಡಕ್ಟ್ ಕಟ್ಸ್‌ಬೇಕಿಲ್ಲ, ಗುಂಡಿ ಎರಡಿಂಚು ಸಾಕು. ಯುರೋಪಿನ ನಿಯಮದಲ್ಲಿ ಈ ಥರದವುಕ್ಕೆ ವೇಗ ಸೆಕೆಂಡಿಗೆ 0.15 ಮೀಟರ್ ದಾಟಂಗಿಲ್ಲ, ಅಂದ್ರೆ ಮೂರು ಮೀಟರ್ ಮಹಡಿಗೆ 20 ಸೆಕೆಂಡು. ಕೆಲವ್ರಿಗೆ ಇದು ತಡ್ಕೊಳಕ್ಕಾಗಲ್ಲ. ನಂಗೇನೋ ಮಂಡಿ ನೋವಿನೋರು 20 ಸೆಕೆಂಡ್ ನಿಂತ್ರೆ ನಷ್ಟ ಏನಿಲ್ಲ ಅನ್ಸತ್ತೆ. ಬಹಳಷ್ಟು ಮಾಡೆಲ್‌ಗಳಲ್ಲಿ ಬಟನ್ ಒತ್ತಿ ಹಿಡ್ಕೊಂಡೇ ಇರ್ಬೇಕು, ಕೈ ನಡುಗೋರು, ಪಾರ್ಶ್ವವಾಯು ಆದೋರು ಇದ್ರೆ ಇದನ್ನ ಡೆಮೋದಲ್ಲಿ ಅವರ ಕೈಲೇ ಒತ್ತಿಸಿ ನೋಡಿ. ಆಮೇಲೆ ವ್ಯಾಕ್ಯೂಮ್ ಲಿಫ್ಟು, ಗಾಜಿನ ಥರ ಕಾಣೋ ದುಂಡನೇ ಕೊಳವೆ, ಮೇಲಿಂದ ಗಾಳಿ ಹೀರಿದ್ರೆ ಕ್ಯಾಬಿನ್ ಮೇಲೇಳತ್ತೆ, ಸ್ಟ್ರಾ ಒಳಗೆ ಜ್ಯೂಸ್ ಏರ್ದಂಗೆ. ನೋಡೋಕೆ ಭಾರೀ ಚೆಂದ. ಒಬ್ಬರು ನಿಲ್ಲೋ ಸಣ್ಣದು ಸುಮಾರು 750 ಮಿಲಿಮೀಟರ್ ವ್ಯಾಸ, ವೀಲ್‌ಚೇರ್ ಹೋಗೋದು 1300ರ ಮೇಲೆ, ಏರೋವಾಗ ಸದ್ದು ಜಾಸ್ತಿ. ಇವೆರಡೂ ನಾನು ನೋಡಿದ ಕೊಟೇಶನ್‌ಗಳಲ್ಲಿ ಹದಿನೈದು ಲಕ್ಷ ದಾಟಿದಾವೆ. ಇವತ್ತಿನ ವಿಷಯ ಅಗ್ಗದ್ದು, ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು, ಬಿಡಿ. ಆದ್ರೆ ಕಟ್ಟಿದ ಮನೆ, ಗೋಡೆ ಒಡೆಯೋಕಾಗಲ್ಲ ಅಂದ್ರೆ ಡಕ್ಟ್ ಕಟ್ಟೋ ಖರ್ಚು ಉಳಿಯೋದನ್ನೂ ಲೆಕ್ಕ ಹಾಕಿ ನೋಡಿ.

ಇಲ್ಲಿ ಒಬ್ರು ಹಿರಿಯರು ಕೈ ಎತ್ತಿ ಕೇಳಿದ್ರು, ರೋಪ್ ಕಟ್ ಆದ್ರೆ ಏನ್ ಗತಿ? ಎಲ್ರೂ ಕೇಳೋ ಪ್ರಶ್ನೆನೇ. ಈ ಭಯಕ್ಕೆ ಉತ್ತರ ಸಿಕ್ಕಿ 170 ವರ್ಷ ಆಯ್ತು ಸಾರ್. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎಲೈಷಾ ಓಟಿಸ್ ಅನ್ನೋರು ಜನರ ಮುಂದೆ ತಾವೇ ಅಟ್ಟಣಿಗೆ ಮೇಲೆ ನಿಂತು ಹಗ್ಗ ಕಡಿಸಿದ್ರು, ಅಟ್ಟಣಿಗೆ ಸ್ವಲ್ಪ ಜಾರಿ ಪಕ್ಕದ ಕಂಬಿಗೆ ಕಚ್ಕೊಂಡು ನಿಂತ್ಕೊಳ್ತು. ಲಿಫ್ಟಲ್ಲಿ ಇವತ್ತೂ ಅದೇ ವಿಚಾರ, ವೇಗ ಮೀರಿದ್ರೆ ಓವರ್‌ಸ್ಪೀಡ್ ಗವರ್ನರ್ ಎಳೆಯತ್ತೆ, ಸೇಫ್ಟಿ ಗೇರ್ ರೈಲಿಗೆ ಕಚ್ಕೊಳತ್ತೆ. ಆದ್ರೆ ಅದು ಕಚ್ಚೋಕೆ ಗಟ್ಟಿ ರೈಲ್ ಬೇಕು. ತೀರಾ ಅಗ್ಗದ ಲಿಫ್ಟಲ್ಲಿ ಕಳ್ಳತನ ನಡೆಯೋದೇ ಇಲ್ಲಿ, ಟಿ ಆಕಾರದ ಮೆಷಿನ್ ಮಾಡಿದ ಗೈಡ್ ರೈಲ್ ಹಾಕೋ ಜಾಗದಲ್ಲಿ ಮಡಚಿದ ತಗಡಿನ ಚಾನಲ್ ಹಾಕಿರ್ತಾರೆ. ಕ್ಯಾಬಿನ್ ಒಳಗೆ ನಿಂತೋರಿಗೆ ಅದು ಕಾಣಲ್ಲ, ಕನ್ನಡಿ ಕಾಣತ್ತೆ.

ಮತ್ತೆ ಒಂದು ಮಾತು, ಹೆದರ್ಬೇಕಾದ್ದು ರೋಪಿಗಲ್ಲ, ಬಾಗಿಲಿಗೆ. ಬಾಗಿಲು ತೆಗೀತು, ಆದ್ರೆ ಅಲ್ಲಿ ಕ್ಯಾಬಿನ್ ಇಲ್ಲ, ಫೋನ್ ನೋಡ್ಕೊಂಡು ಕಾಲಿಟ್ರು. ಪೇಪರಲ್ಲಿ ಇಂಥಾ ಸುದ್ದಿ ನೀವೇ ಓದಿರ್ತೀರಿ. ಬಾಗಿಲಿನ ಇಂಟರ್‌ಲಾಕ್ ಸರಿ ಇದ್ರೆ ಕ್ಯಾಬಿನ್ ಇಲ್ದೇ ಬಾಗಿಲು ತೆಗೆಯಲ್ಲ, ಬಾಗಿಲು ಮುಚ್ದೇ ಕ್ಯಾಬಿನ್ ಹೊರಡಲ್ಲ. ದುಡ್ಡು ಉಳಿಸ್ಬೇಕಾ, ಫಾಲ್ಸ್ ಸೀಲಿಂಗಲ್ಲಿ ಉಳ್ಸಿ, ಗೋಲ್ಡ್ ಸ್ಟೀಲಲ್ಲಿ ಉಳ್ಸಿ, ಬಟನ್ ಪ್ಯಾನಲ್ ಟಚ್ ಸ್ಕ್ರೀನ್ ಬೇಡ ಅನ್ನಿ. ಬಾಗಿಲಲ್ಲಿ ಉಳಿಸ್ಬೇಡಿ. ಕೊಲ್ಯಾಪ್ಸಿಬಲ್ ಗೇಟು, ಹಳೇ ಬಿಲ್ಡಿಂಗಲ್ಲಿ ಎಳೀತೀವಲ್ಲ ಕಿರ್ ಅಂತ, ಅದನ್ನ ಇವತ್ತೂ ಕೆಲವ್ರು ಅಗ್ಗಕ್ಕೆ ಕೊಡ್ತಾರೆ, ಮೊಮ್ಮಕ್ಕಳಿರೋ ಮನೆಗೆ ಅದು ಬೇಡ್ವೇ ಬೇಡ, ಸಂದಿಲಿ ಕೈ ತೂರಿಸ್ತಾವೆ. ಮಾಮೂಲಿ ರೂಮ್ ಬಾಗಿಲಿನ ಥರ ತೆಗೆಯೋ ಸ್ವಿಂಗ್ ಡೋರ್ ಹಾಕ್ಸಿದ್ರೆ, ಹೊರಗಿನ ಬಾಗಿಲಿಗೂ ಒಳಗಿನ ಕ್ಯಾಬಿನ್ ಬಾಗಿಲಿಗೂ ಮಧ್ಯೆ ಎಷ್ಟು ಸಂದಿ ಉಳಿಯತ್ತೆ ಅಂತ ಅಳೀರಿ. ಅಮೆರಿಕಾದಲ್ಲಿ ಆ ಸಂದಿಲೇ ಸಣ್ಣ ಮಕ್ಕಳು ನಿಂತು, ಹೊರಗಿನ ಬಾಗಿಲು ಮುಚ್ಕೊಂಡು, ಲಿಫ್ಟ್ ಹೊರಟು ಸತ್ತಿದಾರೆ, ಅಲ್ಲಿನ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಕೆ ಕೊಟ್ಟು ಕಂಪನಿಗಳಿಂದ ರಿಪೇರಿ ಮಾಡ್ಸಿದೆ. ನಾಲ್ಕಿಂಚಿಗಿಂತ ಜಾಸ್ತಿ ಸಂದಿ ಇದ್ರೆ ಬಾಗಿಲ ಹಿಂದೆ ದಪ್ಪ ಪ್ಯಾಡ್ ಕೂರ್ಸಿ ಮುಚ್ಬೇಕು. ನಾನು ಎರಡು ಮನೇಲಿ ಟೇಪ್ ಹಿಡ್ದು ನೋಡ್ದೆ, ಆರಿಂಚು ಇತ್ತು, ಅಲ್ಲಿ ಒಂದು ಮಗು ಆರಾಮಾಗಿ ನಿಲ್ಬೋದು. ಓನರ್‌ಗೆ ತೋರ್ಸಿದಾಗ ಅವರ ಮುಖ ನೋಡ್ಬೇಕಿತ್ತು ನೀವು.

ಹೊರಗಿನ ಬಾಗಿಲು ತೆಗೆಯೋ ತ್ರಿಕೋನದ ಕೀ ಒಂದು ಕೊಡ್ತಾರೆ, ಅದನ್ನ ಮನೆ ಕೆಲಸದೋರಿಗೆ, ಸೆಕ್ಯುರಿಟಿಗೆ ಕೊಟ್ಟಿಡ್ಬೇಡಿ. ಯಾರಾದ್ರೂ ಸಿಕ್ಕಾಕೊಂಡಾಗ ಅವಸರದಲ್ಲಿ ತೆಗೆಯೋಕೆ ಹೋಗಿ ತಾವೇ ಡಕ್ಟ್ ಒಳಗೆ ಬೀಳ್ತಾರೆ.

ಕರೆಂಟ್ ಬಿಲ್ ಬಗ್ಗೆ ಭಯ ಬೇಡ, ಲೆಕ್ಕ ಹೇಳ್ತೀನಿ. 2.2 ಕಿಲೋವ್ಯಾಟ್ ಮೋಟರ್ ಅಂದ್ಕೊಳ್ಳಿ, ಒಂದು ಟ್ರಿಪ್ 40 ಸೆಕೆಂಡ್, ದಿನಕ್ಕೆ ಇಪ್ಪತ್ತು ಸಲ ಮೇಲಕ್ಕೆ ಹೋದ್ರೆ ಅರ್ಧ ಯೂನಿಟ್ ಆಗತ್ತೆ, ತಿಂಗಳಿಗೆ ಹದಿನೈದು ಯೂನಿಟ್. ಆದ್ರೆ ಕ್ಯಾಬಿನ್ ಲೈಟು ಫ್ಯಾನು ಡಿಸ್‌ಪ್ಲೇ ಕಂಟ್ರೋಲರ್ ಎಲ್ಲ ಸೇರಿ 50 ವ್ಯಾಟ್ ಹಗಲೂ ರಾತ್ರಿ ಉರೀತಿದ್ರೆ ತಿಂಗಳಿಗೆ 36 ಯೂನಿಟ್. ಓಡೋದಕ್ಕಿಂತ ನಿಂತಿರೋದಕ್ಕೇ ಜಾಸ್ತಿ! ಯಾರೂ ಇಲ್ದಾಗ ಲೈಟು ಫ್ಯಾನು ತಾನಾಗೇ ಆರೋ ಸೆಟ್ಟಿಂಗ್ ಇದ್ಯಾ ಕೇಳಿ, ಅಷ್ಟೇ. ಸಿಂಗಲ್ ಫೇಸ್ ಮನೆಗೂ ಲಿಫ್ಟ್ ಹಾಕ್ಬೋದು, ಮೋಟರ್‌ಗೆ ಕರೆಂಟ್ ಹೊಂದಿಸಿ ಕೊಡೋ ಡ್ರೈವ್ ಅದನ್ನ ನೋಡ್ಕೊಳತ್ತೆ, ಆದ್ರೆ ಬೆಸ್ಕಾಂ ಮಂಜೂರು ಮಾಡಿರೋ ಲೋಡ್ ಎಷ್ಟು ಅಂತ ಬಿಲ್ ತೆಗ್ದು ನೋಡಿ, ಗೀಸರ್, ಎಸಿ, ಲಿಫ್ಟ್ ಒಟ್ಟಿಗೆ ಓಡೋ ದಿನ ಬರತ್ತೆ.

ಕೊಟೇಶನ್ ಓದೋದು. ಕೊನೇ ಸಾಲಿನ ಮೊತ್ತ ಬಿಟ್ಟು, "ಗ್ರಾಹಕರ ಜವಾಬ್ದಾರಿ" ಅಂತ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರತ್ತಲ್ಲ, ಮೊದ್ಲು ಅದನ್ನ ಓದಿ. ಸ್ಕ್ಯಾಫೋಲ್ಡಿಂಗ್, ಗೋಡೆ ಒಡೆಯೋದು ಮುಚ್ಚೋದು, ಮೇಲೆ ಹುಕ್ಕು, ಮೇನ್ ಬೋರ್ಡಿಂದ ಮೋಟರ್‌ವರೆಗೆ ಕೇಬಲ್ಲು, ಅರ್ಥಿಂಗು, ಬಾಗಿಲ ಸುತ್ತ ಗ್ರಾನೈಟು, ಅನ್‌ಲೋಡಿಂಗ್ ಕೂಲಿ, ಇದೆಲ್ಲ ನಿಮ್ ತಲೆಗೇ. ಏಳು ಲಕ್ಷ ಅಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 8,26,000, ಅದರ ಮೇಲೆ ಡಕ್ಟು, ಈ ಪಟ್ಟಿ ಎಲ್ಲ ಸೇರಿದ್ರೆ ಹತ್ತಕ್ಕೆ ಹೋಗತ್ತೆ. ಜಿಎಸ್‌ಟಿ ಬೇಡ ಕ್ಯಾಶ್ ಕೊಡಿ ಅಂದ್ರೆ ಒಪ್ಕೋಬೇಡಿ, ಬಿಲ್ ಇಲ್ದೇ ವಾರಂಟಿ ಯಾವ ಬಾಯಲ್ಲಿ ಕೇಳ್ತೀರಿ? ಲಿಫ್ಟಿನ ಮೋಟರು, ಡ್ರೈವು, ಕಂಟ್ರೋಲರು, ಬಾಗಿಲು ಯಾವ ಮೇಕ್ ಅಂತ ಹೆಸರು ಬರೆಸ್ಕೊಳ್ಳಿ, "ಸಮಾನ ಗುಣಮಟ್ಟದ" ಅನ್ನೋ ಪದ ಹೊಡೆದ್ಹಾಕ್ಸಿ. ಕಂಟ್ರೋಲರ್ ಪಾಸ್‌ವರ್ಡ್ ಮತ್ತೆ ವೈರಿಂಗ್ ಡ್ರಾಯಿಂಗ್ ಹ್ಯಾಂಡೋವರ್ ದಿನ ನಂಗೆ ಕೊಡ್ಬೇಕು ಅಂತಾನೂ ಬರೆಸ್ಕೊಳ್ಳಿ, ನಂಗಾದ ಪಾಠ ಅದು. ಕೊನೇ ಹತ್ತು ಪರ್ಸೆಂಟ್ ದುಡ್ಡು ಲಿಫ್ಟ್ ಓಡಿ, ಲೈಸೆನ್ಸ್ ಕೈಗೆ ಬಂದ್ ಮೇಲೆ.

ಲೈಸೆನ್ಸ್ ಅಂದ್ನಲ್ಲ, ನಮ್ಮ ರಾಜ್ಯದಲ್ಲಿ ಲಿಫ್ಟು, ಎಸ್ಕಲೇಟರ್‌ಗಳಿಗೆ ಅಂತಾನೇ 2012ರ ಕಾಯ್ದೆ ಇದೆ, ವಿದ್ಯುತ್ ಪರಿವೀಕ್ಷಣಾಲಯದೋರು ನೋಡ್ಕೋತಾರೆ. ಹಾಕ್ಸೋಕ್ ಮುಂಚೆ ಅನುಮತಿ, ಹಾಕ್ಸಿದ್ ಮೇಲೆ ಓಡ್ಸೋಕೆ ಲೈಸೆನ್ಸು. ಮನೆ ಲಿಫ್ಟಿಗೆಲ್ಲ ಯಾರ್ ಕೇಳ್ತಾರೆ ಸಾರ್ ಅನ್ನೋ ಸೇಲ್ಸ್‌ಮನ್ ಬಂದ್ರೆ, ಮನಸಲ್ಲೇ ಅವನ ಹೆಸರಿಗೆ ಒಂದು ಗೆರೆ ಎಳೀರಿ. ಮನೆ ಲಿಫ್ಟಿಗೆ ಅಂತಾನೇ ಐಎಸ್ 15259 ಅನ್ನೋ ಭಾರತೀಯ ಮಾನಕ ಇದೆ, ಅದರ ಹೆಸರು ಹೇಳಿ ನೋಡಿ, ಎದುರಿಗಿರೋರ ಮುಖದಲ್ಲೇ ಗೊತ್ತಾಗತ್ತೆ ಗೊತ್ತಿದ್ಯೋ ಇಲ್ವೋ.

ಎಎಂಸಿ, ಅಂದ್ರೆ ವರ್ಷವರ್ಷದ ನಿರ್ವಹಣೆ ಒಪ್ಪಂದ. ನಂಗೀಗ ವರ್ಷಕ್ಕೆ 22,000 ಆಗ್ತಿದೆ, ಪಾರ್ಟ್ಸ್ ಸೇರಿ. ಪಾರ್ಟ್ಸ್ ಸೇರಿದ್ದು, ಸೇರದ್ದು ಅಂತ ಎರಡು ಥರ ಇರತ್ತೆ, ಸೇರದ್ದು ಅರ್ಧ ರೇಟು. ಸೇರಿದ್ದರಲ್ಲೂ ಬ್ಯಾಟರಿ, ರೋಪು, ಡ್ರೈವು ಹೊರಗಿಟ್ಟಿರ್ತಾರೆ, ಓದಿ. ಹಾಕ್ಸೋಕ್ ಮುಂಚೆ ಇನ್ನೊಂದು ಕೆಲಸ ಮಾಡಿ, ಆ ಕಂಪನಿ ಐದು ವರ್ಷದ ಹಿಂದೆ ಹಾಕಿರೋ ಮೂರು ಮನೆ ವಿಳಾಸ ಕೇಳಿ, ಹೋದ ತಿಂಗಳು ಹಾಕಿದ್ದಲ್ಲ. ಹೋಗಿ ಓನರ್ ಹತ್ರ ಒಂದೇ ಪ್ರಶ್ನೆ, ಕೆಟ್ಟಾಗ ಎಷ್ಟೊತ್ತಿಗೆ ಬರ್ತಾರೆ? ಹಾಸನ, ಶಿವಮೊಗ್ಗ, ಕಲಬುರಗಿ ಕಡೆ ಮನೆ ಕಟ್ಸೋರು ಇದನ್ನ ಎರಡು ಸಲ ಕೇಳ್ಬೇಕು, ಟೆಕ್ನಿಷಿಯನ್ ಬೆಂಗಳೂರಿಂದ ಬರ್ಬೇಕು ಅಂದ್ರೆ ಆ ಲಿಫ್ಟ್ ಎಷ್ಟೇ ಚೆನ್ನಾಗಿದ್ರೂ ಬಿಡಿ, ನಿಮ್ಮೂರಲ್ಲೇ ಮನುಷ್ಯ ಇರೋ ಸಾಧಾರಣ ಲಿಫ್ಟೇ ಮೇಲು.

ಎಆರ್‌ಡಿ ಟೆಸ್ಟು ಮರೀಬೇಡಿ. ತಿಂಗಳಿಗೊಂದ್ಸಲ, ಒಳಗೆ ಯಾರೂ ಇಲ್ದೇ ಲಿಫ್ಟ್‌ನ ಮೇಲಕ್ಕೆ ಕಳ್ಸಿ, ಮಧ್ಯದಲ್ಲಿ ಮೇನ್ ಆಫ್ ಮಾಡಿ. ಹತ್ತಿರದ ಮಹಡಿಗೆ ಬಂದು ಬಾಗಿಲು ತೆಗೆದ್ರೆ ಸರಿ, ಇಲ್ಲಾಂದ್ರೆ ಬ್ಯಾಟರಿ ಬದಲಾಯ್ಸಿ. ಕ್ಯಾಬಿನ್ ಒಳಗೆ ಬೆಲ್ ಅಥವಾ ಇಂಟರ್‌ಕಾಮು, ಅದು ಬ್ಯಾಟರಿಲಿ ಓಡ್ಬೇಕು, ಮೊಬೈಲ್ ನಂಬ್ಬೇಡಿ. ಗೋಡೆಗೆ ಮಡಚೋ ಸೀಟು ಒಂದು, ಹಿಡ್ಕೊಳ್ಳೋಕೆ ಒಂದು ಕಂಬಿ. ಸೀಟ್ ನಾನು ಆಮೇಲೆ ಹಾಕ್ಸಿದ್ದು. ಅಮ್ಮ ಅದನ್ನ ನೋಡಿದ್ ಮೇಲೇ ಮತ್ತೆ ಲಿಫ್ಟ್ ಹತ್ತೋಕೆ ಒಪ್ಕೊಂಡಿದ್ದು.

ಒಬ್ರು ಕೇಳಿದ್ರು, ಮೆಟ್ಟಿಲ ಪಕ್ಕದಲ್ಲೇ ಕುರ್ಚಿ ಏರೋದು ಬರತ್ತಂತಲ್ಲ ಅಂತ. ಬರತ್ತೆ, ಸ್ಟೇರ್‌ಲಿಫ್ಟ್. ಮೆಟ್ಟಿಲು ನೇರ ಇದ್ದು ಒಂದೇ ಮಹಡಿ ಆದ್ರೆ ಪೂರ್ತಿ ಲಿಫ್ಟಿಗಿಂತ ಕಮ್ಮಿಲಿ ಮುಗಿಯತ್ತೆ, ಗುಂಡಿ ಇಲ್ಲ ಡಕ್ಟ್ ಇಲ್ಲ. ನಮ್ಮನೆಗಳ ಮೆಟ್ಟಿಲು ಮೂರಡಿ ಅಗಲ, ಅರ್ಧದಲ್ಲಿ ತಿರುಗತ್ತೆ, ಹಂಗಿದ್ರೆ ರೈಲು ಬಗ್ಗಿಸ್ಬೇಕು, ಬೆಲೆ ಏರತ್ತೆ, ಕುರ್ಚಿ ಮಡಚಿಟ್ರೂ ಬೇರೆಯೋರು ಅಡ್ಡಡ್ಡ ಹೋಗ್ಬೇಕು. ಆಮೇಲೆ ಕೂತು ಏಳೋ ಶಕ್ತಿ ಇರ್ಬೇಕಲ್ಲ. ಡೂಪ್ಲೆಕ್ಸ್ ಮನೆಗೆ ನೋಡ್ಬೋದು.

ಮುಗ್ಸೋ ಹೊತ್ತಿಗೆ ಒಬ್ರು ದಂಪತಿ ಫೋನಲ್ಲಿ ಮನೆ ಪ್ಲಾನ್ ತೋರ್ಸಿದ್ರು, ಈಗ ದುಡ್ಡಿಲ್ಲ, ಹತ್ತು ವರ್ಷ ಬಿಟ್ಟು ಲಿಫ್ಟ್ ಹಾಕ್ಸ್‌ಬೇಕು, ಏನ್ಮಾಡೋದು ಅಂತ. ನಂಗೆ ಅತೀ ಇಷ್ಟದ ಪ್ರಶ್ನೆ ಅದು. ಪ್ರತೀ ಮಹಡಿಲೂ ಒಂದರ ಮೇಲೊಂದು ಸರಿಯಾಗಿ ಬರೋ ಹಂಗೆ ಐದಕ್ಕೈದರ ಸ್ಟೋರ್ ರೂಮ್ ಮಾಡಿ, ಆ ಚೌಕದ ಸುತ್ತ ನಾಲ್ಕೂ ಕಡೆ ಬೀಮ್ ಹಾಕ್ಸಿ, ಮಧ್ಯದ ಸ್ಲ್ಯಾಬನ್ನ ಆಮೇಲೆ ಕತ್ತರಿಸಿ ತೆಗೆಯೋ ಹಂಗೆ ಬೇರೆಯಾಗಿ ಡಿಸೈನ್ ಮಾಡೋಕೆ ಈಗ್ಲೇ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಹೇಳಿ, ಕೆಳಗೆ ಪಿಟ್ ಈಗ್ಲೇ ಮಾಡಿ ಮರಳು ತುಂಬಿ ಮೇಲೆ ಕಲ್ಲು ಹಾಸಿ, ಸಂಪನ್ನ ಅಲ್ಲಿಂದ ಆ ಕಡೆ ಸರಿಸಿ ಅಂದೆ. ಆಯಮ್ಮ ಕೇಳಿದ್ರು, ಅಲ್ಲಿವರ್ಗೂ ಮೇಲ್ಗಡೆ ಸ್ಟೋರಲ್ಲಿ ವಾಷಿಂಗ್ ಮಷೀನ್ ಇಟ್ಕೋಬೋದಾ? ಇಟ್ಕೊಳ್ಳಿ, ಆದ್ರೆ ನಲ್ಲಿ ಪೈಪು, ಡ್ರೈನು ಆ ಚೌಕದ ಗೋಡೆಗಳಲ್ಲಿ ಎಳೆಸ್ಬೇಡಿ, ಪಕ್ಕದ ಗೋಡೆಲಿ ಎಳೆಸಿ ಅಂದೆ.